ಕೊನೇ ಬಸ್ಸಿನ ಲೆಕ್ಕ

ರಾತ್ರಿ ಒಂಬತ್ತೂವರೆಗೆ ಬಂದು ಊರ ಅರಳಿಕಟ್ಟೆಯ ಪಕ್ಕ ನಿಲ್ಲುವ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಅಲ್ಲೇ ಮಲಗಿ, ಬೆಳಿಗ್ಗೆ ಆರಕ್ಕೆ ಕಾಲೇಜು ಹುಡುಗರನ್ನೂ ಹೂವು ಸೊಪ್ಪಿನ ಕುಕ್ಕೆಗಳನ್ನೂ ಹತ್ತಿಸಿಕೊಂಡು ಪೇಟೆಗೆ ಹೊರಡುತ್ತಾರೆ. ಡಿಪೋದವರ ಬಾಯಲ್ಲಿ ಇದು ‘ನೈಟ್ ಹಾಲ್ಟ್’ ಗಾಡಿ. ‘ಈ ರೂಟು ಲಾಸು, ನಿಲ್ಲಿಸಬೇಕು’ ಎಂಬ ಮಾತು ಇಂಥ ಬಸ್ಸುಗಳ ಬಗ್ಗೆ ಆಗಾಗ ಏಳುತ್ತದೆ. ಊರವರು ಎಮ್ಮೆಲ್ಲೆ ಮನೆಗೆ ಹೋಗುತ್ತಾರೆ, ಒಂದಷ್ಟು ದಿನ ಗಲಾಟೆಯಾಗುತ್ತದೆ. ಆ ‘ಲಾಸು’ ಎಂಬ ಮಾತನ್ನು ಬಿಚ್ಚಿ ನೋಡಲು ಮಾತ್ರ ಯಾರಿಗೂ ಪುರುಸೊತ್ತಿರುವುದಿಲ್ಲ.

ಬಿಚ್ಚಿ ನೋಡುವುದನ್ನೇ ಕಸುಬಾಗಿಸಿಕೊಂಡವರು ಮ್ಯಾನೇಜ್‌ಮೆಂಟ್ ಅಕೌಂಟೆಂಟರು. ಬಿ.ಕಾಂ. ಪಠ್ಯದ ಕನ್ನಡದಲ್ಲಿ ಹೇಳುವುದಾದರೆ ನಿರ್ವಹಣಾ ಲೆಕ್ಕಿಗರು. ನಮ್ಮ ದೇಶದಲ್ಲಿ ಇವರ ಹೆಸರಿನ ಮುಂದೆ ಸಿಎಂಎ ಎಂದಿರುತ್ತದೆ. ಮದುವೆಮನೆಯಲ್ಲಿ ಯಾರಾದರೂ ‘ಹುಡುಗ ಸಿಎಂಎ’ ಎಂದರೆ ‘ಅಂದ್ರೆ ಸಿಎ ತಾನೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ.

ಬಸ್ಸಿನ ಲೆಕ್ಕವನ್ನೇ ಹಿಡಿಯೋಣ. ಅಂಕಿಗಳು ಯಾವ ನಿಗಮದವೂ ಅಲ್ಲ, ವಿವರಿಸಲೆಂದು ನಾನೇ ಇಟ್ಟುಕೊಂಡವು. ಬಸ್ಸು ದಿನಕ್ಕೆ 200 ಕಿ.ಮೀ. ಓಡುತ್ತದೆ. ಕಿಲೋಮೀಟರಿಗೆ ಆದಾಯ 36 ರೂಪಾಯಿ, ಖರ್ಚು 52. ಅಂದರೆ 16 ರೂಪಾಯಿ ನಷ್ಟ, ದಿನಕ್ಕೆ 3,200. ನಿಲ್ಲಿಸಿದರೆ ಇಷ್ಟೂ ಉಳಿಯಿತಲ್ಲ ಎನಿಸುತ್ತದೆ. ಆದರೆ ಆ 52ರಲ್ಲಿ ಡೀಸೆಲ್, ಟೈರು, ಬಿಡಿಭಾಗಗಳಿಗೆ ಹೋಗುವುದು 24 ಮಾತ್ರ. ಮಿಕ್ಕ 28ರಲ್ಲಿ ಸಿಬ್ಬಂದಿಯ ಸಂಬಳ, ಬಸ್ಸಿನ ಸವಕಳಿ, ಡಿಪೋ ಕಟ್ಟಡ, ಕೇಂದ್ರ ಕಚೇರಿಯ ಖರ್ಚಿನಲ್ಲಿ ಈ ಬಸ್ಸಿನ ತಲೆಗೆ ಕಟ್ಟಿದ ಪಾಲು ಎಲ್ಲ ಇವೆ. ಬಸ್ಸು ಡಿಪೋದಲ್ಲೇ ನಿಂತರೂ ಇವು ನಿಲ್ಲುವುದಿಲ್ಲ. ಹಾಗಾಗಿ ರೂಟು ರದ್ದಾದ ಮರುದಿನದಿಂದ 36 ರೂಪಾಯಿ ಆದಾಯ ಹೋಯಿತು, 24 ರೂಪಾಯಿ ಖರ್ಚು ಉಳಿಯಿತು. ನಷ್ಟ 3,200ರಿಂದ 5,600ಕ್ಕೆ ಏರಿತು!

ಇಲ್ಲಿಗೇ ಮುಗಿಸಿದರೆ ಅರ್ಧ ಲೆಕ್ಕ. ಅದೇ ಬಸ್ಸನ್ನು, ಅದೇ ಸಿಬ್ಬಂದಿಯನ್ನು ಕಿಲೋಮೀಟರಿಗೆ 60 ರೂಪಾಯಿ ತರುವ ಪೇಟೆ ರಸ್ತೆಗೆ ಹಾಕಬಹುದಾದರೆ? ಆಗ ಡೀಸೆಲ್, ಟೈರು, ಬಿಡಿಭಾಗಗಳ 24 ಕಳೆದು ಉಳಿಯುವುದು ಹಳ್ಳಿ ಬಸ್ಸಿನಂತೆ 12 ಅಲ್ಲ, 36. ಹಳ್ಳಿಯ ಬಸ್ಸನ್ನು ಉಳಿಸಿಕೊಳ್ಳುವುದರ ನಿಜವಾದ ಬೆಲೆ ದಿನಕ್ಕೆ 4,800 ರೂಪಾಯಿ. ಆ ಬೆಲೆ ಕೊಡಬೇಕೋ ಬೇಡವೋ ಎಂಬುದನ್ನು ಸರ್ಕಾರ ತೀರ್ಮಾನಿಸಲಿ. ಬೆಲೆ ಇಷ್ಟು ಎಂದು ಮೇಜಿನ ಮೇಲಿಡುವುದು ಸಿಎಂಎ ಕೆಲಸ. ಒಳ್ಳೆಯವನಾದರೆ ಇನ್ನೂ ಎರಡು ಪ್ರಶ್ನೆ ಕೇಳುತ್ತಾನೆ. ಪೇಟೆ ರಸ್ತೆಯಲ್ಲಿ ಸಿಗುವವರು ಹೊಸ ಪ್ರಯಾಣಿಕರೋ, ನಮ್ಮದೇ ಹಿಂದಿನ ಬಸ್ಸಿನಿಂದ ಇಳಿದವರೋ? ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟ 2023ರ ಶಕ್ತಿ ಯೋಜನೆಯ ನಂತರ ಹರಿಯುತ್ತಿರುವ ಶೂನ್ಯ ಟಿಕೆಟ್ಟುಗಳ ಮೊತ್ತವನ್ನು ಹಳ್ಳಿ ಬಸ್ಸಿನ ಆದಾಯ ಎಂದ ಆ 36ರಲ್ಲಿ ಸೇರಿಸಿದ್ದೀರಾ?

ಈ ವೃತ್ತಿಯ ಸಂಸ್ಥೆ ಭಾರತದಲ್ಲಿ ಹುಟ್ಟಿದ್ದು 1944ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಯುದ್ಧಕ್ಕೆ ಬೇಕಾದ ಸಾಮಾನನ್ನು ಖಾಸಗಿಯವರು ‘ಆದ ಖರ್ಚು, ಮೇಲಿಷ್ಟು ಲಾಭ’ ಎಂದು ಪೂರೈಸುತ್ತಿದ್ದ ಕಾಲ. ಆದ ಖರ್ಚು ಎಷ್ಟು ಎಂದು ಹೇಳಬಲ್ಲವರು ಬೇಕಿತ್ತು. 1959ರಲ್ಲಿ ಸಂಸತ್ತು ಇದಕ್ಕೆಂದೇ ಕಾಯ್ದೆ ಮಾಡಿತು. ಹಳಬರು ಇಂದಿಗೂ ‘ಐಸಿಡಬ್ಲ್ಯುಎ’ ಎಂದೇ ಕರೆಯುವ ಸಂಸ್ಥೆಗೆ 2012ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಕಾಸ್ಟ್ ಅಕೌಂಟೆಂಟ್ಸ್ ಆಫ್ ಇಂಡಿಯಾ ಎಂಬ ಹೆಸರು ಬಂತು. ಕೋಲ್ಕತ್ತದಲ್ಲಿ ಅದರ ಕಚೇರಿಯಿದೆ. ಬೆಂಗಳೂರಿನ ಶಾಖೆ ಬಸವನಗುಡಿಯಲ್ಲಿದೆ, ಮೈಸೂರು ಮಂಗಳೂರಿನಲ್ಲೂ ಶಾಖೆಗಳಿವೆ.

ಈ ಸಂಸ್ಥೆಯ ಕೋರ್ಸಿಗೆ ಸೇರುವುದು ಕಷ್ಟವಲ್ಲ. ಪಿಯುಸಿ ಮುಗಿಸಿದವರು ಫೌಂಡೇಶನ್‌ನ ನಾಲ್ಕು ಪತ್ರಿಕೆ ಬರೆಯಬೇಕು, ಪದವೀಧರರು ನೇರ ಇಂಟರ್‌ಮೀಡಿಯೆಟ್‌ಗೆ ಬರಬಹುದು. ಅಲ್ಲಿ ಎಂಟು ಪತ್ರಿಕೆ, ಫೈನಲ್‌ನಲ್ಲಿ ಮತ್ತೆ ಎಂಟು. ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಪರೀಕ್ಷೆ. ಪ್ರತಿ ಪತ್ರಿಕೆಯಲ್ಲೂ ನೂರಕ್ಕೆ 40 ಬಂದರೆ ಸಾಲದು, ಗುಂಪಿನ ಒಟ್ಟು ಸರಾಸರಿ 50 ಇರಬೇಕು. ಎಲ್ಲದರಲ್ಲೂ ನಲವತ್ತೈದು ತೆಗೆದು ಒಂದರಲ್ಲೂ ‘ಫೇಲ್’ ಆಗದೆಯೇ ಪಾಸಾಗದೆ ಉಳಿಯುವ ವಿಚಿತ್ರ ಸಂಕಟ ಇಲ್ಲಿ ಮಾಮೂಲು. ಪರೀಕ್ಷೆ ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಲೆಕ್ಕಕ್ಕಿಂತ ಕಾನೂನು ಪತ್ರಿಕೆಯ ಇಂಗ್ಲಿಷೇ ಹೆಚ್ಚು ಕಾಡುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು. ಅಮೆರಿಕದ ಸಂಸ್ಥೆಯೊಂದು ಕೊಡುವ ಪದವಿಯ ಹೆಸರೂ ಸಿಎಂಎ. ಅದರಲ್ಲಿ ಎರಡೇ ಪತ್ರಿಕೆ. ಬೆಂಗಳೂರಿನ ವಿದೇಶಿ ಕಂಪನಿಗಳಲ್ಲಿ ಅದಕ್ಕೆ ಬೆಲೆಯಿದೆ. ಆದರೆ ನಮ್ಮ ಕಂಪನಿ ಕಾಯ್ದೆಯ 148ನೇ ಸೆಕ್ಷನ್ ಹೇಳುವ ವೆಚ್ಚದ ಆಡಿಟ್‌ಗೆ ಸಹಿ ಹಾಕುವ ಹಕ್ಕು ಭಾರತದ ಸಂಸ್ಥೆಯ ಸದಸ್ಯರಲ್ಲಿ ಪ್ರಾಕ್ಟೀಸ್ ಮಾಡುವವರಿಗೆ ಮಾತ್ರ. ಫೀಸು ಕಟ್ಟುವ ಮುನ್ನ ಯಾವ ಸಿಎಂಎ ಎಂದು ಕೇಳಿಕೊಳ್ಳಿ. ಜಾಹೀರಾತಿನ ದೊಡ್ಡಕ್ಷರ ಅದನ್ನು ಹೇಳುವುದಿಲ್ಲ.

ವಿದ್ಯುತ್, ಔಷಧ, ರಸಗೊಬ್ಬರದಂತೆ ಸಕ್ಕರೆಯೂ ಈ ಆಡಿಟ್‌ಗೆ ಒಳಪಟ್ಟ ಉದ್ಯಮ. ಕಂಪನಿಯ ಒಟ್ಟು ವಹಿವಾಟು 50 ಕೋಟಿ ಮುಟ್ಟಿ, ಆ ಸರಕಿನದ್ದೇ 25 ಕೋಟಿ ಇದ್ದರೆ ವೆಚ್ಚದ ಆಡಿಟ್ ಕಡ್ಡಾಯ. ಸಕ್ಕರೆ ಕಾರ್ಖಾನೆಯ ಲೆಕ್ಕ ಈ ಕಸುಬಿನ ಗರಡಿಮನೆ ಎಂದು ನನಗೆ ಅನಿಸುತ್ತದೆ. ಒಂದು ಟನ್ ಕಬ್ಬು ಅರೆದರೆ ಸುಮಾರು ಒಂದು ಕ್ವಿಂಟಾಲ್ ಸಕ್ಕರೆ ಸಿಗುತ್ತದೆ. ಜೊತೆಗೆ ಕಾಕಂಬಿ ಬರುತ್ತದೆ, ಮಂಡ್ಯದ ಆಲೆಮನೆಯವರು ರಚ್ಚು ಎನ್ನುವ ಸಿಪ್ಪೆ ಬರುತ್ತದೆ. ಕಬ್ಬಿಗೆ ಕೊಟ್ಟ ದುಡ್ಡು ಒಂದೇ, ಹೊರಬಿದ್ದವು ಮೂರು. ಯಾವುದಕ್ಕೆ ಎಷ್ಟು ಹೊರಿಸಬೇಕು? ಸಿಪ್ಪೆಯನ್ನು ಕಾರ್ಖಾನೆಯ ವಿದ್ಯುತ್ ಘಟಕಕ್ಕೆ ಪುಡಿಗಾಸಿಗೆ ಕೊಟ್ಟಂತೆ ಬರೆದರೆ ಸಕ್ಕರೆಯ ವೆಚ್ಚ ಉಬ್ಬುತ್ತದೆ, ವಿದ್ಯುತ್ ಘಟಕ ಲಾಭದಲ್ಲಿ ಮಿಂಚುತ್ತದೆ. ಒಂದು ಗ್ರಾಂ ಸಕ್ಕರೆಯೂ ಹೆಚ್ಚು ಕಡಿಮೆಯಾಗಿರುವುದಿಲ್ಲ. ಕಬ್ಬು ಬೆಳೆದವನಿಗೆ ‘ಸಕ್ಕರೆಯಲ್ಲಿ ಏನೂ ಗಿಟ್ಟುತ್ತಿಲ್ಲ’ ಎಂದು ಹೇಳಲು ಮಾತ್ರ ಕಾಗದ ಸಿದ್ಧವಾಗಿರುತ್ತದೆ.

ಕೋರ್ಸಿನ ಜೊತೆಗೆ 15 ತಿಂಗಳ ಪ್ರಾಯೋಗಿಕ ತರಬೇತಿಯೂ ಇದೆ. ಅದನ್ನು ಏಸಿ ಕೋಣೆಯ ಎಕ್ಸೆಲ್ ಹಾಳೆಯಲ್ಲೇ ಮುಗಿಸಿಕೊಂಡವರ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ತೂಕದ ಯಂತ್ರದ ಬಳಿ ಒಂದು ರಾತ್ರಿ ನಿಲ್ಲಬೇಕು. ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ಹೆದ್ದಾರಿವರೆಗೆ ನಿಂತಿರುತ್ತದೆ. ಕಡಿದ ಕಬ್ಬು ಕಾದಷ್ಟೂ ಒಣಗಿ ತೂಕ ಇಳಿಯುತ್ತದೆ, ರಿಕವರಿಯೂ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣವೂ, ಬೀಳುತ್ತದೆ. ಲೆಡ್ಜರಿಗೆ ಹೋಗುವುದು ತೂಗಿದ ಟನ್ನಿನ ಲೆಕ್ಕವೊಂದೇ. ಸಾಲಿನ ಕೊನೆಯ ಟ್ರ್ಯಾಕ್ಟರಿನ ಕಬ್ಬು ಕಡಿದದ್ದು ನಿನ್ನೆಯೋ ಮೊನ್ನೆಯೋ ಎಂದು ತಿಳಿಯಬೇಕಾದರೆ ಅಲ್ಲಿಯವರೆಗೆ ನಡೆದು ಹೋಗಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಮಲಗಿದ ಡ್ರೈವರನ್ನು ಎಬ್ಬಿಸಿ ಕೇಳಬೇಕು.