ತೂತಿಲ್ಲದ ಗೋಡೆಯಾಚೆ

ನಿಮಿಷಕ್ಕೊಂದು ಹನಿ. ಪಂಪಿನ ಬುಡದಲ್ಲಿ ಅಷ್ಟು ಸೋರಿದರೆ ಯಾರೂ ತಿರುಗಿ ನೋಡುವುದಿಲ್ಲ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ವರ್ಷಕ್ಕೆ 26 ಲೀಟರ್. ನೀರಾದರೆ ಹೋಗಲಿ ಬಿಡಿ, ವಿಷಕಾರಿ ಬ್ರೋಮಿನ್ ಆದರೆ?

ಸೋರುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಮೋಟರಿನ ಶಾಫ್ಟು ಪಂಪಿನ ಗೋಡೆ ದಾಟಿ ಒಳಹೋಗುವ ತೂತಿನಲ್ಲಿ. ಅಲ್ಲಿ ಕೂರಿಸುವ ಮೆಕ್ಯಾನಿಕಲ್ ಸೀಲಿಗೆ ಎರಡು ನುಣುಪು ಬಿಲ್ಲೆಗಳು. ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ, ನಡುವೆ ಹೆಚ್ಚುಕಡಿಮೆ ಒಂದು ಮೈಕ್ರಾನಿನ ದ್ರವದ ಪೊರೆ. ನಿಮಿಷಕ್ಕೆ 2,900 ಸುತ್ತಿನ ಪಂಪು ಬಿಡುವಿಲ್ಲದೆ ಓಡಿದರೆ ವರ್ಷಕ್ಕೆ 152 ಕೋಟಿ ಸುತ್ತು. ಬಿಲ್ಲೆಯ ವ್ಯಾಸ ಐದು ಸೆಂಟಿಮೀಟರ್ ಇದ್ದರೆ ಅದರ ಅಂಚು ಜಾರುವ ದೂರ ಸುಮಾರು 2.4 ಲಕ್ಷ ಕಿಲೋಮೀಟರ್. ಭೂಮಿಗೆ ಆರು ಪ್ರದಕ್ಷಿಣೆ, ಅದೂ ಕೂದಲಿನ ಐವತ್ತನೇ ಒಂದು ಪಾಲೂ ಇಲ್ಲದ ಪೊರೆಯ ಮೇಲೆ! ಸೀಲು ಸೋರಿತೆಂದು ಬೈಯುವವರು ಇಷ್ಟು ದಿನ ಸೋರದೆ ಇದ್ದದ್ದಕ್ಕೆ ಕೈಮುಗಿಯಬೇಕು.

ತೂತನ್ನೇ ಕೊರೆಯದಿದ್ದರೆ ಈ ಪಾಡೇ ಇಲ್ಲ. ಮೋಟರಿನ ಕಡೆಗೆ ಆಯಸ್ಕಾಂತಗಳ ಒಂದು ಬಳೆ, ಪಂಪಿನೊಳಗೆ ಇನ್ನೊಂದು, ನಡುವೆ ಒಂದೆರಡು ಮಿಲಿಮೀಟರ್ ದಪ್ಪದ ಲೋಹದ ಲೋಟ. ಹೊರಬಳೆ ತಿರುಗಿದರೆ ಒಳಬಳೆ ಹಿಂದೆಯೇ ತಿರುಗುತ್ತದೆ. ಮನೆಯ ನೀರಿನ ಮೀಟರನ್ನು ನೋಡಿ: ಒಣ ಡಯಲಿನದಾದರೆ, ನೀರಿನಲ್ಲಿರುವ ಚಕ್ರ ಒಣಗಿರುವ ಅಂಕಿಗಳನ್ನು ತಿರುಗಿಸುವುದು ಹೀಗೆಯೇ. ಅಲ್ಲಿ ಬೇಕಾದ ಬಲ ಇರುವೆಯಷ್ಟು. ಅದೇ 2,900 ಸುತ್ತಿನ 15 ಕಿಲೋವ್ಯಾಟ್ ಪಂಪಿನಲ್ಲಿ, ಬಳೆಯ ತ್ರಿಜ್ಯ ಐದು ಸೆಂಟಿಮೀಟರ್ ಎಂದರೆ, ಗೋಡೆಯ ಆಚೆಯಿಂದ ಎಳೆಯಬೇಕಾದದ್ದು ನೂರು ಕಿಲೋ ಭಾರದಷ್ಟು. ಅಕ್ಕಿಯ ನಾಲ್ಕು ಮೂಟೆ, 25 ಕಿಲೋದವು.

ಲೋಟಕ್ಕೆ ಆಯಸ್ಕಾಂತ ಅಂಟಿಕೊಳ್ಳದ ಲೋಹವೇ ಆಗಬೇಕು. ಅಂಟದಿದ್ದರೂ ತಾಪತ್ರಯ ತಪ್ಪುವುದಿಲ್ಲ. ಬಳೆಯಲ್ಲಿ ಹದಿನಾರು ಧ್ರುವಗಳಿದ್ದರೆ ಗೋಡೆಯ ಪ್ರತಿ ಬಿಂದುವೂ ಸೆಕೆಂಡಿಗೆ 770ಕ್ಕೂ ಹೆಚ್ಚು ಸಲ ಉತ್ತರ-ದಕ್ಷಿಣಗಳ ಅದಲುಬದಲು ಕಾಣುತ್ತದೆ. ಲೋಹದೊಳಗೆ ಸುಳಿ ವಿದ್ಯುತ್ತು ಹುಟ್ಟಿ ಗೋಡೆ ಕಾಯುತ್ತದೆ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ತಾಮ್ರದ ಲೋಟವಂತೂ ನೆನೆಯುವಂತಿಲ್ಲ. ವಿದ್ಯುತ್ತಿಗೆ ಅದು ಸ್ಟೇನ್‌ಲೆಸ್ ಸ್ಟೀಲಿಗಿಂತ ನಲವತ್ತು ಪಟ್ಟು ಸಲೀಸು. ಹ್ಯಾಸ್ಟೆಲಾಯ್ ಎಂಬ ಮಿಶ್ರಲೋಹ ಸ್ಟೀಲಿಗಿಂತಲೂ ಬಿಗಿ, ಹಾಗಾಗಿಯೇ ಅದಕ್ಕೆ ಬೇಡಿಕೆ. ಹುಟ್ಟಿದ ಶಾಖವನ್ನು ಹೊತ್ತೊಯ್ಯುವುದು ಪಂಪಿನೊಳಗಿನ ದ್ರವವೇ. ಟ್ಯಾಂಕು ಬರಿದಾಗಿ ಪಂಪು ಒಣಗಿ ಓಡಿತೋ, ಕೆಲವೇ ನಿಮಿಷಗಳಲ್ಲಿ ಬೇರಿಂಗು ಹಾಳು. ಸಾಮಾನ್ಯ ನಿಯೋಡಿಮಿಯಮ್ ಆಯಸ್ಕಾಂತಕ್ಕೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಂತತ್ವ ಕುಂದತೊಡಗುತ್ತದೆ. ಸಮೇರಿಯಮ್-ಕೋಬಾಲ್ಟ್ 300ರವರೆಗೂ ತಡೆದುಕೊಳ್ಳುತ್ತದೆ.

ಒಳಬಳೆ ಯಾವಾಗಲೂ ಹೊರಬಳೆಗಿಂತ ತುಸು ಹಿಂದೆ. ಹದಿನಾರು ಧ್ರುವದ ಬಳೆಗೆ ಗಡಿ 11 ಡಿಗ್ರಿಯ ಆಸುಪಾಸು, ಗಡಿಯಾರದ ಮುಳ್ಳಿಗೆ ಎರಡು ನಿಮಿಷ. ಅದಕ್ಕಿಂತ ಹಿಂದೆ ಬಿದ್ದರೆ ಹಿಡಿತ ತಪ್ಪುತ್ತದೆ. ಮೋಟರು ಪೂರ್ಣ ವೇಗದಲ್ಲಿ ಓಡುತ್ತಲೇ ಇರುತ್ತದೆ, ಒಳಗೆ ಪಂಪು ನಡುಗುತ್ತ ನಿಂತಿರುತ್ತದೆ. ಮತ್ತೆ ಹಿಡಿತ ಬರಬೇಕಾದರೆ ಮೋಟರನ್ನು ಪೂರ್ತಿ ನಿಲ್ಲಿಸಿ ಮೊದಲಿನಿಂದ ಶುರು ಮಾಡಬೇಕು.