ಮಣ್ಣಿನ ಗೋಡೆ, ತಗಡಿನ ಕೊಡೆ

ಮಣ್ಣಿನ ಮನೆ ಬಡವನದು, ಸಿಮೆಂಟಿನ ಮನೆ ಬಲ್ಲಿದನದು ಎಂಬ ಭಾವನೆ ನಮ್ಮ ನಾಡಿನಲ್ಲಿ ಮಾತ್ರವಲ್ಲ, ಜಗತ್ತಿನ ಅನೇಕ ಕಡೆಗಳಲ್ಲಿ ಬೇರೂರಿದೆ. ಊರಿಗೊಂದು ಶಾಲೆ ಬೇಕೆಂದಾಗ ಜನರ ಕಣ್ಣೆದುರು ನಿಲ್ಲುವುದು ಸಿಮೆಂಟಿನ ಗೋಡೆಯ, ತಗಡು ಹೊದಿಸಿದ ಕೊಠಡಿಯೇ. ಬೇಸಿಗೆಯ ಮಧ್ಯಾಹ್ನ ಅಂಥ ಕೊಠಡಿಯಲ್ಲಿ ಕುಳಿತ ಮಗುವಿಗೆ ಮಗ್ಗಿಗಿಂತ ಬೆವರೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಮಣ್ಣನ್ನು ಕೈಬಿಡದೆ, ಹೊಸ ವಿದ್ಯೆಯನ್ನೂ ದೂರವಿಡದೆ, ಮಕ್ಕಳು ತಂಪಾಗಿ ಕುಳಿತು ಓದುವಂಥ ಶಾಲೆಯನ್ನು ಕಟ್ಟಲು ಸಾಧ್ಯವೆಂಬುದನ್ನು ಪಶ್ಚಿಮ ಆಫ್ರಿಕದ ಒಂದು ಹಳ್ಳಿ 2001ರಲ್ಲಿ ತೋರಿಸಿಕೊಟ್ಟಿತು.

ಉಡಿಯ ಕಾಸು

ಆ ಹಳ್ಳಿಯ ಹೆಸರು ಗಾಂದೋ. ದೇಶ ಬುರ್ಕಿನಾ ಫಾಸೊ. ಆ ದೇಶವಿನ್ನೂ ಅಪ್ಪರ್ ವೋಲ್ಟಾ ಎನಿಸಿಕೊಳ್ಳುತ್ತಿದ್ದ ಕಾಲದಲ್ಲಿ, 1965ರಲ್ಲಿ, ಊರಿನ ಮುಖಂಡರ ಹಿರಿಯ ಮಗನಾಗಿ ಜನಿಸಿದವರು ದೀಬೆದೊ ಫ್ರಾನ್ಸಿಸ್ ಕೆರೇ. ಊರಿನಲ್ಲಿ ಶಾಲೆಯಿರಲಿಲ್ಲ. ಅಕ್ಷರ ಕಲಿಯಲು ಏಳನೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ತೆಂಕೊದೊಗೊ ಪಟ್ಟಣಕ್ಕೆ ಹೋಗಬೇಕಾಯಿತು. ಅಲ್ಲಿಯ ಸಿಮೆಂಟಿನ ಕೊಠಡಿಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಬಿಸಿಲೇರಿದಂತೆ ಅದು ಒಲೆಯಾಗುತ್ತಿತ್ತು.

ರಜೆ ಮುಗಿಸಿ ಹೊರಡುವಾಗ ಬಾಲಕನು ಬೀಳ್ಕೊಳ್ಳಲು ಹೋದರೆ, ಊರಿನ ಹೆಂಗಸರು ಉಡಿಯಲ್ಲಿ ಜೋಪಾನ ಮಾಡಿದ್ದ ಕೊನೆಯ ಕಾಸನ್ನೂ ತೆಗೆದು ಅವನ ಕೈಗಿಡುತ್ತಿದ್ದರಂತೆ. ಇವರಿಗೆಲ್ಲ ತನ್ನ ಮೇಲೆ ಇಷ್ಟೊಂದು ಪ್ರೀತಿ ಏಕೆಂದು ಅವನು ತಾಯಿಯನ್ನು ಕೇಳಿದನು. ಅವನು ಓದಿ ಮುಂದೆ ಬಂದು, ಒಂದು ದಿನ ಹಿಂದಿರುಗಿ ಊರಿಗೆ ನೆರವಾಗಲಿ ಎಂಬ ಆಸೆಯಿಂದ ಕೊಡುತ್ತಿದ್ದಾರೆಂದು ತಾಯಿ ತಿಳಿಯಹೇಳಿದರಂತೆ.

1985ರಲ್ಲಿ ಬಡಗಿ ಕೆಲಸ ಕಲಿಯುವ ವಿದ್ಯಾರ್ಥಿವೇತನ ಪಡೆದು ಕೆರೇ ಅವರು ಬರ್ಲಿನ್ನಿಗೆ ಹೋದರು. ಹಗಲು ಮರಗೆಲಸ, ಸಂಜೆ ಓದು. ಹೀಗೆ ಮುಂದುವರಿದು ಅಲ್ಲಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾದರು. ಪದವಿ ಕೈಸೇರುವ ಮೊದಲೇ, 1998ರಲ್ಲಿ, ತಮ್ಮೂರಿನ ಶಾಲೆಗಾಗಿ ಹಣ ಕೂಡಿಸಲು ಒಂದು ಸಂಘವನ್ನು ಸ್ಥಾಪಿಸಿದರು.

ಮಣ್ಣೆಂದರೆ ನಗು

ಶಾಲೆಯನ್ನು ಮಣ್ಣಿನಿಂದ ಕಟ್ಟೋಣವೆಂದಾಗ ಊರವರು ನಕ್ಕರು. ಜರ್ಮನಿಯಲ್ಲಿ ಓದಿದವನು ಹೊಸದೇನನ್ನಾದರೂ ತರುವನೆಂದು ಕಾದಿದ್ದರೆ, ಮಣ್ಣಿನ ಮಾತೆತ್ತುವುದೇ! ಅವರ ಸಂದೇಹ ಅಜ್ಞಾನದಿಂದ ಬಂದುದಲ್ಲ, ಅನುಭವದಿಂದ ಬಂದುದು. ಮಳೆಗಾಲದಲ್ಲಿ ಮಣ್ಣಿನ ಗೋಡೆ ಕರಗುವುದನ್ನೂ, ಮಳೆ ನಿಂತ ಮೇಲೆ ಅದನ್ನು ಮತ್ತೆ ಮೆತ್ತುವ ಪಾಡನ್ನೂ ಅವರು ತಲೆಮಾರುಗಳಿಂದ ಕಂಡಿದ್ದರು.

ಕೆರೇ ಅವರು ಆ ಸಂದೇಹವನ್ನು ತಳ್ಳಿಹಾಕದೆ ಅದಕ್ಕೆ ಉತ್ತರ ಹುಡುಕಿದರು. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಬೆರೆಸಿ ಅಚ್ಚಿನಲ್ಲಿ ಬಲವಾಗಿ ಒತ್ತಿದರೆ, ಸುಡದೆಯೇ ಗಟ್ಟಿಯಾದ ಇಟ್ಟಿಗೆ ದೊರೆಯುತ್ತದೆ. ಆ ಗೋಡೆಗೆ ಮಳೆ ನೇರವಾಗಿ ಬಡಿಯದಂತೆ ತಗಡಿನ ಛಾವಣಿಯನ್ನು ಕೊಡೆಯಂತೆ ಅಗಲವಾಗಿ ಹೊರಚಾಚಿದರೆ, ಮಣ್ಣಿಗೆ ನೀರಿನ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಬಿಸಿಗಾಳಿಗೆ ದಾರಿ

ತಗಡು ಬಿಸಿಲಿಗೆ ಕಾಯುವುದಿಲ್ಲವೆ ಎಂಬ ಪ್ರಶ್ನೆ ಸಹಜವೇ. ಗಾಂದೋ ಶಾಲೆಯಲ್ಲಿ ತಗಡು ತರಗತಿಯ ನೆತ್ತಿಯ ಮೇಲೆಯೇ ಕೂತಿಲ್ಲ. ಗೋಡೆಗಳ ಮೇಲೆ ಕಾಂಕ್ರೀಟಿನ ತೊಲೆ, ತೊಲೆಗಳ ಮೇಲೆ ಕಬ್ಬಿಣದ ಸರಳು, ಸರಳುಗಳ ಮೇಲೆ ಅದೇ ಮಣ್ಣಿನ ಇಟ್ಟಿಗೆಗಳನ್ನು ಸಂದು ಬಿಟ್ಟು ಜೋಡಿಸಿದ ಒಳಮಾಳಿಗೆ. ಅದರಿಂದ ಸಾಕಷ್ಟು ಎತ್ತರದಲ್ಲಿ, ಸರಳುಗಳ ಚೌಕಟ್ಟಿನ ಮೇಲೆ, ತಗಡು ನಿಂತಿದೆ. ತರಗತಿಯ ಬಿಸಿಗಾಳಿ ಮೇಲೇರಿ ಸಂದುಗಳಿಂದ ಹೊರಬೀಳುತ್ತದೆ. ಕಾದ ತಗಡಿನ ಝಳವನ್ನು ನಡುವಿನ ತೆರಪಿನಲ್ಲಿ ಬೀಸುವ ಗಾಳಿ ಹೊತ್ತೊಯ್ಯುತ್ತದೆ. ದಪ್ಪನಾದ ಮಣ್ಣಿನ ಗೋಡೆಯೋ ಬಿಸಿಯನ್ನು ಬಹು ನಿಧಾನವಾಗಿ ಒಳಬಿಡುತ್ತದೆ. ನಲವತ್ತು ಡಿಗ್ರಿ ಮುಟ್ಟುವ ಸೆಕೆಯ ಆ ನಾಡಿನಲ್ಲಿ ಯಂತ್ರದ ಹಂಗಿಲ್ಲದೆ ತರಗತಿಗೆ ತಂಪು ಒದಗಿತು.

ತರಗತಿಗಳು ಮೂರು, ಒಂದೇ ಸಾಲಿನಲ್ಲಿವೆ. ಅವುಗಳ ನಡುವೆ ಅದೇ ಛಾವಣಿಯ ನೆರಳಿನಲ್ಲಿ ತೆರೆದ ಪಡಸಾಲೆ. ಅದು ಪಾಠಕ್ಕೂ ಆಯಿತು, ಆಟಕ್ಕೂ ಆಯಿತು.

ಹಳ್ಳಿಯಲ್ಲಿ ಭಾರ ಎತ್ತುವ ಕ್ರೇನುಗಳಿಲ್ಲ. ಆದಕಾರಣ ಸಾಮಾನ್ಯ ಕಬ್ಬಿಣದ ಸರಳುಗಳಿಂದಲೇ ಹಗುರವಾದ ಚೌಕಟ್ಟುಗಳನ್ನು ಮಾಡಿದರು. ಕೈಗರಗಸವನ್ನೂ ಸಣ್ಣದೊಂದು ಬೆಸುಗೆಯ ಯಂತ್ರವನ್ನೂ ಬಳಸಲು ಊರವರಿಗೆ ಕಲಿಸಿದರು. ಮಕ್ಕಳು ತಳಪಾಯಕ್ಕೆ ಕಲ್ಲು ಆಯ್ದು ತಂದರು. ಹೆಂಗಸರು ಇಟ್ಟಿಗೆಗೆ ನೀರು ಹೊತ್ತರು. ಕಲಿತ ಕಸುಬು ಊರಿನಲ್ಲಿಯೇ ಉಳಿಯಿತು. ಮುಂದೆ ಉಪಾಧ್ಯಾಯರ ಮನೆಗಳೂ ಶಾಲೆಯ ವಿಸ್ತರಣೆಯೂ ಎದ್ದುನಿಂತವು. ಗ್ರಂಥಾಲಯದ ಮಾಳಿಗೆಗೆಂದು ಊರಿನ ಮಡಕೆಗಳನ್ನು ಕತ್ತರಿಸಿ ಎರಕದಲ್ಲಿ ಕೂಡಿಸಿದರು. ಅವುಗಳ ಬಾಯಿಯೇ ಗಾಳಿ ಬೆಳಕುಗಳಿಗೆ ಗವಾಕ್ಷಿಯಾಯಿತು.

ಈ ಶಾಲೆಗೆ 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. 2022ರಲ್ಲಿ ಕೆರೇ ಅವರು ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಆಫ್ರಿಕನ್ನರಾದರು. ಶಾಲೆಯ ಮಕ್ಕಳ ಸಂಖ್ಯೆ 120ರಿಂದ 700ಕ್ಕೆ ಏರಿತು. ಉಡಿಯ ಕಾಸು ಕೊಟ್ಟ ತಾಯಂದಿರ ಊರಿನಲ್ಲಿ, ಅಕ್ಷರಕ್ಕಾಗಿ ಏಳರ ಹಸುಳೆ ಮನೆ ಬಿಡುವ ಕಾಲ ಮುಗಿಯಿತು.

ನಮ್ಮ ನೆಲದ ಮಣ್ಣು

ಒತ್ತುಮಣ್ಣಿನ ಇಟ್ಟಿಗೆಯ ವಿದ್ಯೆ ಕನ್ನಡ ನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಇಟ್ಟಿಗೆಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಭಟ್ಟಿಯಲ್ಲಿ ಸುಡಬೇಕಾದ ಅಗತ್ಯವಿಲ್ಲವಾದುದರಿಂದ ಸೌದೆಯೂ ಕಲ್ಲಿದ್ದಲೂ ಉಳಿಯುತ್ತವೆ.

ಆದರೆ ಎಲ್ಲ ಮಣ್ಣೂ ಒಂದೇ ಅಲ್ಲ. ಮರಳು ಬೆರೆತ ಕೆಮ್ಮಣ್ಣು ಈ ಕೆಲಸಕ್ಕೆ ಒಗ್ಗುತ್ತದೆ; ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣನ್ನು ಹಾಗೆಯೇ ಬಳಸಲಾಗದು. ಮಳೆ ಓರೆಯಾಗಿ ಹೊಡೆಯುವ ಮಲೆನಾಡಿನ ಸೂರು ಬಯಲುಸೀಮೆಯ ಸೂರಿನಂತಿರಲಾರದು. ಆದುದರಿಂದ ಗಾಂದೋ ಶಾಲೆಯ ನಕ್ಷೆಯನ್ನು ತಂದು ಇಲ್ಲಿ ನೆಡುವುದರಿಂದ ಪ್ರಯೋಜನವಿಲ್ಲ. ಈ ಊರಿನ ಮಣ್ಣು ಯಾವುದು, ಗಾಳಿ ಯಾವ ದಿಕ್ಕಿನದು, ಕೆಲಸ ಬಲ್ಲ ಕೈಗಳು ಎಷ್ಟಿವೆ ಎಂದು ಮೊದಲು ವಿಚಾರಿಸಿ, ಆ ಮೇಲೆ ಗೆರೆ ಎಳೆಯುವ ಕ್ರಮವನ್ನು ಕಲಿತರೆ ಸಾಕು. ಮಕ್ಕಳು ದಿನದ ಬಹುಭಾಗವನ್ನು ಕಳೆಯುವ ಕಟ್ಟಡಕ್ಕೆ ಅಷ್ಟು ವಿಚಾರಣೆ ಹೆಚ್ಚಿನದೇನೂ ಅಲ್ಲ.