ಮೇಕೆಯ ಬೆದೆ: ಅದನ್ನು ಗುರುತಿಸುವ ಬಗೆ

ಚನ್ನಪಟ್ಟಣದಿಂದ ಮದ್ದೂರಿನ ಕಡೆಗೆ ಹೋಗುವ ಹಳೆಯ ರಸ್ತೆಯ ಮೇಲಿರುವ ದೊಡ್ಡಮಳೂರು, ಅಪ್ರಮೇಯ ಸ್ವಾಮಿಯ ಗುಡಿಗೂ ಅಂಬೆಗಾಲು ಕೃಷ್ಣನಿಗೂ ಹೆಸರಾದ ಊರು. ಅಲ್ಲಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಬಳಿ ನಿಂತು ಹೇಳಿದ: “ಸಾರ್, ನಮ್ಮ ಮನೇಲಿ ಮೂರು ಮೇಕೆ ಇವೆ. ಒಂದು ಎರಡು ಸಲ ಬೆದೆಗೆ ಬಂದು ಹೋಯಿತಂತೆ. ಪಕ್ಕದ ಮನೆ ಅಜ್ಜಿ ಆಮೇಲೆ ಹೇಳಿದರು; ನಮಗೆ ಗೊತ್ತೇ ಆಗಲಿಲ್ಲ. ಅದರ ಮರಿ ಮಾರಿ ಫೀಜು ಕಟ್ಟೋಣ ಅಂತ ಅವ್ವ ಅಂದುಕೊಂಡಿದ್ದಳು.”

ಭೌತಶಾಸ್ತ್ರದ ಅಧ್ಯಾಪಕನಿಗೆ ಮೇಕೆಯ ಮಾತೇಕೆ ಎಂದು ವಾಚಕರು ನಗಬಹುದು. ಆದರೆ ಆ ಹುಡುಗನ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ನಿಯತವಾಗಿ ಮರುಕಳಿಸುವ ಒಂದು ಘಟನೆಯನ್ನು ಅದರ ಲಕ್ಷಣಗಳಿಂದ ಕಂಡುಕೊಳ್ಳಬೇಕು. ಕಂಡುಕೊಳ್ಳಲು ಇರುವ ಅವಕಾಶವೋ ಬಹಳ ಕಿರಿದು.

ಗರ್ಭ ಧರಿಸದ ಮೇಕೆಯು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು 24ರಿಂದ 48 ಗಂಟೆಗಳಷ್ಟು ಮಾತ್ರ. ಜೂನ್ 1ರಂದು ಬಂದದ್ದು ತಪ್ಪಿದರೆ ಜೂನ್ 22ರವರೆಗೂ, ಅದೂ ತಪ್ಪಿದರೆ ಜುಲೈ 13ರವರೆಗೂ ಕಾಯಬೇಕಾಗುತ್ತದೆ. ಗರ್ಭದ ಅವಧಿ ಸುಮಾರು 150 ದಿನ. ಆದುದರಿಂದ ಎರಡು ಸಲ ತಪ್ಪಿದರೆ ಅಕ್ಟೋಬರ್ ಕೊನೆಗೆ ಹುಟ್ಟಬೇಕಾದ ಮರಿ ಡಿಸೆಂಬರಿಗೆ ಹೋಗುತ್ತದೆ. ಅಷ್ಟು ದಿನವೂ ಮೇಕೆ ಮೇವು ತಿನ್ನುತ್ತದೆ, ಆದಾಯ ಮಾತ್ರ ಇಲ್ಲ.

ಈ ಚಕ್ರವನ್ನು ನಡೆಸುವ ಯಂತ್ರವಾವುದು? ಪ್ರಯೋಗಶಾಲೆಯಲ್ಲಿ ತಾನಾಗಿ ಬರಿದಾಗುವ ಸೈಫನ್ ಪಾತ್ರೆಯನ್ನು ನೀವು ನೋಡಿರಬಹುದು. ನೀರು ಮೆಲ್ಲಮೆಲ್ಲನೆ ಏರಿ, ಒಂದು ಮಟ್ಟ ಮುಟ್ಟಿದೊಡನೆ ಒಮ್ಮೆಗೇ ಹರಿದುಹೋಗುತ್ತದೆ. ಮೇಕೆಯ ಅಂಡಾಶಯದಲ್ಲಿ ನಡೆಯುವುದೂ ಇದಕ್ಕೆ ಹೋಲುವ ಕೆಲಸವೇ. ಅಂಡವನ್ನು ಹೊತ್ತ ಕೋಶ ಬೆಳೆದಂತೆ ಈಸ್ಟ್ರೊಜೆನ್ ಎಂಬ ಹಾರ್ಮೋನು ರಕ್ತದಲ್ಲಿ ಹೆಚ್ಚುತ್ತದೆ. ಅದು ಸಾಕಷ್ಟು ಏರಿದಾಗ ಮೇಕೆಯ ನಡತೆ ಬದಲಾಗುತ್ತದೆ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಮತ್ತೊಂದು ಹಾರ್ಮೋನು ಒಮ್ಮೆಗೇ ಉಕ್ಕುತ್ತದೆ, ಅಂಡ ಹೊರಬೀಳುತ್ತದೆ. ಬರಿದಾದ ಕೋಶವು ಪೀತಪಿಂಡವಾಗಿ ಪ್ರೊಜೆಸ್ಟರಾನ್ ಸುರಿಸುತ್ತದೆ. ಅದಿರುವವರೆಗೆ ಮುಂದಿನ ಬೆದೆ ಬಾರದು. ಗರ್ಭ ನಿಲ್ಲದಿದ್ದರೆ ಎರಡು ವಾರಗಳು ಕಳೆದ ಮೇಲೆ ಗರ್ಭಾಶಯವೇ ಪ್ರೊಸ್ಟಗ್ಲಾಂಡಿನ್ ಕಳುಹಿಸಿ ಪೀತಪಿಂಡವನ್ನು ಕರಗಿಸುತ್ತದೆ. ಪಾತ್ರೆ ಮತ್ತೆ ತುಂಬತೊಡಗುತ್ತದೆ.

ಇನ್ನು ಹೊರಗೆ ಕಾಣುವ ಗುರುತುಗಳು. ಬೆದೆಗೆ ಬಂದ ಮೇಕೆ ಕಾರಣವಿಲ್ಲದೆ ಮತ್ತೆಮತ್ತೆ ಅರಚುತ್ತದೆ. ಬಾಲವನ್ನು ಬಿಡದೆ ಅಲ್ಲಾಡಿಸುತ್ತದೆ. ಮೇವಿನ ಮೇಲೆ ಮನಸ್ಸಿಡದು. ಆಗಾಗ ಸ್ವಲ್ಪಸ್ವಲ್ಪ ಮೂತ್ರ ಮಾಡುತ್ತದೆ. ಹಾಲು ಕೊಡುವ ಮೇಕೆಯಾದರೆ ಹಾಲು ಇಳಿಯಬಹುದು. ಯೋನಿದ್ವಾರ ಊದಿ ಕೆಂಪೇರುತ್ತದೆ. ಲೋಳೆ ಮೊದಲು ತಿಳಿಯಾಗಿ ತೆಳ್ಳಗಿದ್ದು, ಬರಬರುತ್ತ ಮಬ್ಬಾಗಿ, ಕೊನೆಗೆ ಬೆಳ್ಳಗೆ ದಪ್ಪಗಾಗುತ್ತದೆ. ಇವುಗಳಲ್ಲಿ ಯಾವುದೊಂದನ್ನೇ ನೆಚ್ಚುವಂತಿಲ್ಲ. ಹಸಿವಿನಿಂದಲೂ ಮೇಕೆ ಅರಚುವುದುಂಟು. ಎಲ್ಲಕ್ಕಿಂತ ಖಚಿತವಾದ ಸಾಕ್ಷಿಯೆಂದರೆ, ಹೋತವಾಗಲಿ ಬೇರೆ ಮೇಕೆಯಾಗಲಿ ಮೇಲೇರಿದಾಗ ಓಡದೆ ಸ್ಥಿರವಾಗಿ ನಿಲ್ಲುವುದು.

ಅಂಡ ಹೊರಬೀಳುವುದು ಬೆದೆಯ ಮೊದಲಲ್ಲಲ್ಲ, ಅದರ ಕೊನೆಯ ಹೊತ್ತಿಗೆ. ಹೊರಬಿದ್ದ ಅಂಡ ಹೆಚ್ಚು ಕಾಲ ಬಾಳದು. ಆದುದರಿಂದಲೇ ಬೆಳಿಗ್ಗೆ ಗುರುತು ಕಂಡರೆ ಸಂಜೆ ಹೋತವನ್ನು ಕೂಡಿಸಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕೂಡಿಸುವುದು ಒಳ್ಳೆಯದೆನ್ನುತ್ತಾರೆ.

ಹಿಂಡಿನಲ್ಲಿ ಹೋತವಿದ್ದರೆ ಈ ಕೆಲಸ ಸುಲಭ. ನಮ್ಮ ವಿದ್ಯಾರ್ಥಿಯ ಮನೆಯಂತೆ ಎರಡು ಮೂರು ಮೇಕೆಗಳನ್ನಷ್ಟೇ ಸಾಕಿದವರಿಗೆ ಕಷ್ಟ. ಅಂಥವರಿಗೊಂದು ಉಪಾಯವುಂಟು. ಹೋತದ ತಲೆಗೂ ಕತ್ತಿಗೂ ಚೆನ್ನಾಗಿ ಉಜ್ಜಿದ ಬಟ್ಟೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ದಿನಕ್ಕೊಮ್ಮೆ ಮೇಕೆಯ ಮೂಗಿಗೆ ಹಿಡಿಯುವುದು. ಬೆದೆಯಲ್ಲಿರುವ ಮೇಕೆ ಬಟ್ಟೆಯನ್ನು ಬಿಡದೆ ಮೂಸುತ್ತ ಬಾಲವಾಡಿಸುತ್ತದೆ. ಹೋತದ ವಾಸನೆಯ ಶಕ್ತಿ ಇಷ್ಟಕ್ಕೇ ನಿಲ್ಲದು. 2014ರಲ್ಲಿ ಜಪಾನಿನ ಸಂಶೋಧಕರು ಹೋತದ ತಲೆಯ ಕೂದಲಿನಿಂದ ಹೊಮ್ಮುವ 4-ಈಥೈಲ್‌ಆಕ್ಟನಾಲ್ ಎಂಬ ವಸ್ತುವನ್ನು ಗುರುತಿಸಿ, ಅದು ಮೇಕೆಯ ಮೆದುಳಿನಲ್ಲಿ ಸಂತಾನಕ್ರಿಯೆಯನ್ನು ನಡೆಸುವ ಕೇಂದ್ರವನ್ನೇ ಚುರುಕುಗೊಳಿಸುವುದೆಂದು ತೋರಿಸಿದರು. ಆ ವಸ್ತುವಿಗೆ ಕಿತ್ತಳೆ ಜಾತಿಯ ಹಣ್ಣಿನ ವಾಸನೆ! ಗಾಳಿಯ ಆಮ್ಲಜನಕದೊಡನೆ ಕೂಡಿ ಆಮ್ಲವಾದಾಗಲೇ ಅದಕ್ಕೆ ನಾವು ಬಲ್ಲ ಹೋತದ ಗಬ್ಬುನಾತ.

ಇನ್ನೊಂದು ಪ್ರಶ್ನೆ. ಯೂರೋಪಿನ ಸಾನೆನ್ ಮುಂತಾದ ತಳಿಗಳು ತಮ್ಮ ನಾಡಿನಲ್ಲಿ ಹಗಲು ಕುಗ್ಗುವ ಶರತ್ಕಾಲದಲ್ಲಿ ಬೆದೆಗೆ ಬರುತ್ತವೆ; ನಮ್ಮ ಮೇಕೆಗಳು ವರ್ಷದ ಯಾವ ತಿಂಗಳಲ್ಲಾದರೂ ಬರಬಲ್ಲವು. ಇದೇಕೆ? ಇಲ್ಲಿ ಖಗೋಳವೂ ಮಾತನಾಡುತ್ತದೆ. ಕತ್ತಲಾದಾಗ ಪೀನಿಯಲ್ ಗ್ರಂಥಿ ಮೆಲಟೋನಿನ್ ಸುರಿಸಿ ಇರುಳಿನ ಉದ್ದವನ್ನು ಶರೀರಕ್ಕೆ ತಿಳಿಸುತ್ತದೆ. ಲಂಡನ್ನಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಎಂಟು ಗಂಟೆಗಿಂತ ಹೆಚ್ಚಿನ ಅಂತರ. ಸುಮಾರು 12½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ದೊಡ್ಡಮಳೂರಿನಲ್ಲಿ ಆ ಅಂತರ ಒಂದೂವರೆ ಗಂಟೆಯಷ್ಟೆ. ಇಲ್ಲಿ ಮೇಕೆಗೆ ಸೂರ್ಯನಿಗಿಂತ ಮೇವಿನ ಸಮೃದ್ಧಿಯೇ ದೊಡ್ಡ ಪಂಚಾಂಗ.

ಒಂದು ಎಚ್ಚರಿಕೆ. ಐದಾರು ತಿಂಗಳ ಮರಿಯೂ ಬೆದೆಗೆ ಬರಬಹುದು. ಆದರೆ ಮೈ ತುಂಬುವ ಮೊದಲೇ ಗಬ್ಬವಾದರೆ ತಾಯಿಗೂ ಮರಿಗೂ ಕೇಡು. ಹತ್ತು ಹನ್ನೆರಡು ತಿಂಗಳು ಕಾಯುವುದು ಮೇಲು. ತಂದೆಯಾದ ಹೋತವನ್ನೇ ಮಗಳಿಗೆ ಕೂಡಿಸಲೂಬಾರದು.

ನಮ್ಮ ವಿದ್ಯಾರ್ಥಿ ಅಜ್ಜಿಯನ್ನು ಕೇಳಿ, ಕಳೆದ ಬೆದೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ. ಹದಿನೆಂಟನೆಯ ದಿನದಿಂದ ಬೆಳಿಗ್ಗೆಯೂ ಸಂಜೆಯೂ ತಾಯಿ ಮಗ ಕಾವಲಿದ್ದರು. ಇಪ್ಪತ್ತನೆಯ ದಿನ ಬೆಳಿಗ್ಗೆ ಬಾಲ ಅಲ್ಲಾಡಿತು. ಆ ವರ್ಷದ ಫೀಜಿಗೆ ಅವರು ಸಾಲವನ್ನೇ ಮಾಡಬೇಕಾಯಿತು. ಆದರೆ ಐದು ತಿಂಗಳ ಮೇಲೆ ಹುಟ್ಟಿದ ಎರಡು ಮರಿಗಳು ಮುಂದಿನ ವರ್ಷಕ್ಕೆ ಒದಗಿದವು. ಮೇಕೆ ಸಾಕುವ ಮನೆಯ ವಾಚಕರು ಇಂದೇ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಪೆನ್ಸಿಲು ಕಟ್ಟಿಡಲಿ.